ಗಲ್ಲಾದ ಮುಂದೆ ನಿಲ್ಲುವ ಮುನ್ನ

ಹೊಸಪೇಟೆಯ ಮೇನ್ ಬಜಾರ್, ಸ್ಟೇಷನ್ ರಸ್ತೆ, ಕಾಲೇಜು ರಸ್ತೆಗಳಲ್ಲಿ ಒಂದು ಸುತ್ತು ಹಾಕಿದರೆ ಬಟ್ಟೆ, ಮೊಬೈಲ್, ಕಿರಾಣಿ ಅಂಗಡಿಗಳ ಬಾಗಿಲಿಗೆ ಅಂಟಿಸಿದ ಕಾಗದ ಕಣ್ಣಿಗೆ ಬೀಳುತ್ತದೆ: ‘ಕೆಲಸಕ್ಕೆ ಹುಡುಗರು, ಹುಡುಗಿಯರು ಬೇಕಾಗಿದ್ದಾರೆ’. ದಸರಾ, ದೀಪಾವಳಿ, ರಂಜಾನ್, ಮದುವೆ ಸೀಸನ್ನು ಹತ್ತಿರವಾದಂತೆ ಅಂಗಡಿಗಳಿಗೆ ಕೈ ಸಾಲುವುದಿಲ್ಲ. ಆದರೂ ಆ ಕಾಗದ ಓದಿ, ಒಳಗೆ ಕಾಲಿಡಲು ಅಂಜಿ ಮುಂದೆ ಹೋಗಿಬಿಡುವ ಮಕ್ಕಳು ಬಹಳ. ಇಂಗ್ಲಿಷ್ ಬರಲ್ಲ, ಎಕ್ಸ್‌ಪೀರಿಯೆನ್ಸ್ ಇಲ್ಲ, ಏನು ಕೇಳ್ತಾರೋ ಗೊತ್ತಿಲ್ಲ ಎಂಬ ಮೂರು ಅಂಜಿಕೆಗಳು ಅವರನ್ನು ಬಾಗಿಲಲ್ಲೇ ತಡೆಯುತ್ತವೆ.

ಅಂಗಡಿ ಕೆಲಸಕ್ಕೆ ಆರಿಸುವವರು ಅಂಕಪಟ್ಟಿ ನೋಡುವುದು ಕಡಿಮೆ. ಎದುರು ಬಂದವರನ್ನು ಹೇಗೆ ಮಾತಾಡಿಸುತ್ತೀರಿ, ಕೈಗೆ ಬಂದ ದುಡ್ಡಿಗೆ ಹೇಗೆ ಲೆಕ್ಕ ಒಪ್ಪಿಸುತ್ತೀರಿ, ಹೇಳಿದ ಹೊತ್ತಿಗೆ ಬರುತ್ತೀರಾ ಎಂಬುದನ್ನೇ ಅವರು ಅಳೆಯುವುದು. ಮೂರಕ್ಕೂ ಒಂದು ವಾರದಲ್ಲಿ ತಯಾರಾಗಬಹುದು. ಜೊತೆಗೆ, ಕೆಲಸ ಕೇಳಲು ಹೋದವರಿಗೂ ಪ್ರಶ್ನೆ ಕೇಳುವ ಹಕ್ಕಿದೆ. ಇದನ್ನು ನಮ್ಮ ಮಕ್ಕಳಿಗೆ ಯಾರೂ ಹೇಳಿಕೊಡುತ್ತಿಲ್ಲ.

ಈ ಸೀಮೆಗೆ ಅಂಗಡಿ ಕೆಲಸ ಯಾಕೆ ಮುಖ್ಯ ಎಂಬುದಕ್ಕೆ 2011ರ ಜುಲೈ ತಿಂಗಳನ್ನು ನೆನೆದರೆ ಸಾಕು. ಆ ತಿಂಗಳು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕಿತು. ಲಾರಿ, ಲೋಡಿಂಗ್, ಗ್ಯಾರೇಜುಗಳನ್ನು ನಂಬಿದ್ದ ಸಂಡೂರು, ಹೊಸಪೇಟೆಯ ಮನೆಗಳು ಕೈಕಟ್ಟಿ ಕುಳಿತವು. ಅದೇ ತಿಂಗಳು ಹಂಪಿಯಲ್ಲಿ ವಿರೂಪಾಕ್ಷ ಬಜಾರಿನ ಸಾಲುಮಂಟಪಗಳಲ್ಲಿದ್ದ ಮನೆ, ಅಂಗಡಿಗಳು ತೆರವಾದವು. ಅಪ್ಪ ಮಾಡಿದ ಕೆಲಸ ಮಗನಿಗೂ ಸಿಕ್ಕೇ ಸಿಗುತ್ತದೆ ಎಂಬ ಭರವಸೆ ಅಂದೇ ಅಲುಗಿತು. ಕಂಪ್ಲಿಯ ಭತ್ತ, ಕಬ್ಬು, ಬಾಳೆಯ ಕೆಲಸವೂ ನೀರು ಮತ್ತು ಹಂಗಾಮು ನೋಡಿಕೊಂಡೇ ಬರುವಂಥದ್ದು. ಪರೀಕ್ಷೆ ಬರೆಯುತ್ತಾ ಸರ್ಕಾರಿ ನೌಕರಿಗೆ ಕಾಯುವ ವರ್ಷಗಳಲ್ಲಿ ಕೈಯಲ್ಲಿ ಸ್ವಂತ ಸಂಬಳ ಇರಬೇಕೆಂದರೆ ಹತ್ತಿರದ ಬಾಗಿಲು ಅಂಗಡಿಯದೇ.

ಎರಡು ಬಗೆಯ ಸಂದರ್ಶನ

ಸಾಹುಕಾರರ ಅಂಗಡಿಯ ಸಂದರ್ಶನ ಗಲ್ಲಾದ ಎದುರು, ಗಿರಾಕಿಗಳ ನಡುವೆಯೇ ನಡೆಯುತ್ತದೆ. ‘ಯಾವೂರು? ಯಾರ ಮಗ? ಎಲ್ಲಿ ತನಕ ಓದಿದ್ದೀಯ?’ ಎಂದು ಶುರುವಾಗಿ ‘ನಾಳೆಯಿಂದ ಬಾ, ನೋಡೋಣ’ ಎಂದು ಐದು ನಿಮಿಷದಲ್ಲಿ ಮುಗಿಯಬಹುದು. ಇಲ್ಲಿ ನಂಬಿಕೆ ಮುಖ್ಯ. ಪರಿಚಯದವರೊಬ್ಬರ ಮಾತು, ಕಲಿಸಿದ ಮೇಷ್ಟ್ರ ಹೆಸರು ಬಯೋಡೇಟಾಕ್ಕಿಂತ ಹೆಚ್ಚು ತೂಗುತ್ತದೆ. ಹಾಗೆ ಯಾರದಾದರೂ ಹೆಸರು ಹೇಳುವುದಿದ್ದರೆ ಅವರಿಗೆ ಮೊದಲೇ ತಿಳಿಸಿರಿ. ವ್ಯಾಪಾರದ ಬಿರುಸು ಇಲ್ಲದ ಹೊತ್ತು ನೋಡಿ ಹೋಗಿರಿ. ಸಂಜೆ ಆರಕ್ಕೆ ಬಟ್ಟೆ ಅಂಗಡಿಗೆ ನುಗ್ಗಿ ಕೆಲಸ ಕೇಳಿದರೆ ಉತ್ತರ ಕೊಡುವ ಪುರುಸೊತ್ತು ಯಾರಿಗೂ ಇರುವುದಿಲ್ಲ.

ಚೈನ್ ಸ್ಟೋರ್‌ಗಳ ರೀತಿ ಬೇರೆ. ಅರ್ಜಿ ತುಂಬಿಸುತ್ತಾರೆ, ಸ್ಟೋರ್ ಮ್ಯಾನೇಜರ್ ಒಳಗೆ ಕರೆದು ಕೂರಿಸಿ ಮಾತಾಡುತ್ತಾರೆ, ಕೆಲವೊಮ್ಮೆ ಇನ್ನೊಬ್ಬರು ಫೋನಿನಲ್ಲೂ ಕೇಳುತ್ತಾರೆ. ಶಿಫ್ಟ್, ಟಾರ್ಗೆಟ್, ಯೂನಿಫಾರ್ಮ್, ಬಿಲ್ಲಿಂಗ್, ಸ್ಟಾಕ್ ಎಂಬ ಮಾತುಗಳು ಬರುತ್ತವೆ. ಅರ್ಥವಾಗದಿದ್ದರೆ ‘ಅದು ಏನು ಸರ್, ಸ್ವಲ್ಪ ಹೇಳಿ’ ಎಂದು ಕೇಳುವುದರಲ್ಲಿ ನಾಚಿಕೆ ಬೇಡ. ಕೇಳಿ ತಿಳಿಯುವ ಹುಡುಗಿ ನಾಳೆ ಗಿರಾಕಿಯನ್ನೂ ಕೇಳಿಯೇ ಸಾಮಾನು ತೋರಿಸುತ್ತಾಳೆಂದು ಒಳ್ಳೆಯ ಮ್ಯಾನೇಜರಿಗೆ ಗೊತ್ತಿರುತ್ತದೆ.

ಇಲ್ಲ ಎಂದುಕೊಂಡ ಅನುಭವ

‘ಮೊದಲು ಎಲ್ಲಾದರೂ ಕೆಲಸ ಮಾಡಿದ್ದೀಯಾ?’ ಎಂಬ ಪ್ರಶ್ನೆಗೆ ತಲೆ ತಗ್ಗಿಸಿ ‘ಇಲ್ಲ’ ಎನ್ನುವ ಮೊದಲು ಒಂದು ಹಾಳೆ ತೆಗೆದುಕೊಂಡು ಕುಳಿತು ಬರೆಯಿರಿ. ಅಮ್ಮನ ಜೊತೆ ಸಂತೆಯಲ್ಲಿ ತರಕಾರಿ ತೂಗಿದ್ದು, ಮಾವನ ಕಿರಾಣಿ ಅಂಗಡಿಯಲ್ಲಿ ರಜೆಯಲ್ಲಿ ಕುಳಿತಿದ್ದು, ಸ್ವಸಹಾಯ ಸಂಘದ ಪುಸ್ತಕದಲ್ಲಿ ಅಮ್ಮನಿಗೆ ಲೆಕ್ಕ ಬರೆದುಕೊಟ್ಟಿದ್ದು, ಊರ ಜಾತ್ರೆಯಲ್ಲಿ ಬಳೆ, ಆಟಿಕೆ ಮಾರಿದ್ದು, ಕಾಲೇಜಿನ ಕಾರ್ಯಕ್ರಮಕ್ಕೆ ಚಂದಾ ಎತ್ತಿ ಲೆಕ್ಕ ಒಪ್ಪಿಸಿದ್ದು ಎಲ್ಲವೂ ಅನುಭವವೇ. ‘ಎರಡು ವರ್ಷ ರಜೆಯಲ್ಲಿ ಮಾವನ ಅಂಗಡಿಯಲ್ಲಿ ಕೂತಿದ್ದೆ ಸರ್, ಸಂಜೆ ಗಲ್ಲಾ ಲೆಕ್ಕ ನಾನೇ ನೋಡ್ತಿದ್ದೆ’ ಎಂಬ ಒಂದು ಮಾತು ಹತ್ತು ವಿಶೇಷಣಗಳಿಗಿಂತ ಗಟ್ಟಿ. ಆದರೆ ಅದು ನಿಜವಿರಬೇಕು. ಗಲ್ಲಾದ ಹತ್ತಿರ ನಿಲ್ಲುವವರು ಮೊದಲ ದಿನವೇ ಸುಳ್ಳು ಹೇಳಿದರೆಂದು ಗೊತ್ತಾದರೆ ಆ ಕಲೆ ಹೋಗುವುದಿಲ್ಲ.

ಭಾಷೆಯ ವಿಷಯದಲ್ಲಿ ನಮ್ಮ ಕಡೆಯವರು ತಮ್ಮನ್ನು ತಾವೇ ಕಡಿಮೆ ಎಣಿಸಿಕೊಳ್ಳುತ್ತಾರೆ. ಹೊಸಪೇಟೆ, ಕಂಪ್ಲಿಯ ಹುಡುಗರಿಗೆ ಕನ್ನಡದ ಜೊತೆ ತೆಲುಗು, ಉರ್ದು ಬೀದಿಯಲ್ಲೇ ಬಂದಿರುತ್ತದೆ. ಸಂಡೂರಿನ ತಾಂಡಾಗಳ ಮಕ್ಕಳಿಗೆ ಲಂಬಾಣಿ ಮನೆಮಾತು. ಹಂಪಿಯಲ್ಲಿ ಬೆಳೆದವರು ಪ್ರವಾಸಿಗರೊಡನೆ ಹಿಂದಿ, ಇಂಗ್ಲಿಷಿನಲ್ಲಿ ಬೆಲೆ ಹೇಳಿ ವ್ಯಾಪಾರ ಕುದುರಿಸುವುದನ್ನು ದಿನವೂ ನೋಡಿದವರು. ಮೂರು ಭಾಷೆಯಲ್ಲಿ ‘ಬನ್ನಿ, ಏನು ಬೇಕು?’ ಎನ್ನಬಲ್ಲವರು ಈ ಪೇಟೆಗೆ ಬೇಕಾದ ಜನ. ಬಯೋಡೇಟಾದಲ್ಲಿ ಓದು, ಬರಹ ಬರುವ ಭಾಷೆ ಯಾವುದು, ಮಾತು ಮಾತ್ರ ಬರುವುದು ಯಾವುದು ಎಂದು ಬಿಡಿಸಿ ಬರೆಯಿರಿ.

ಮಾರುವ ವಸ್ತುವಿನ ತಿಳಿವಳಿಕೆಯೂ ಬಂಡವಾಳ. ಸಂಡೂರಿನ ಲಂಬಾಣಿ ಕಸೂತಿಗೆ ಜಿಐ ಟ್ಯಾಗ್ ಇದೆ. ಸಂಡೂರು ಕುಶಲ ಕಲಾ ಕೇಂದ್ರದ ಮೂಲಕ ಅದು ಹೊರಗಿನ ಮಾರುಕಟ್ಟೆ ಕಂಡಿದೆ. ಕನ್ನಡಿ, ಕವಡೆ, ಹೊಲಿಗೆಯ ಹೆಸರು ಹೇಳಿ ಒಂದು ಚೀಲ ಯಾಕೆ ಅಷ್ಟು ಬೆಲೆ ಬಾಳುತ್ತದೆಂದು ವಿವರಿಸಬಲ್ಲ ತಾಂಡಾದ ಹುಡುಗಿಗೆ ಕರಕುಶಲ ಅಂಗಡಿಯಲ್ಲಿ ಎರಡನೆಯವರು ಸಾಟಿಯಾಗಲಾರರು. ಹಂಪಿಯ ಅಂಗಡಿಗೆ ಹೋಗುವವರು ಊರಿನ ಕಥೆ ತಿಳಿದಿರಬೇಕು. 1986ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ್ದು, 2017ರಿಂದ ಬಂದ ಐವತ್ತರ ಹೊಸ ನೋಟಿನ ಹಿಂಬದಿಯಲ್ಲಿ ವಿಠ್ಠಲ ದೇವಾಲಯದ ಕಲ್ಲಿನ ರಥ ಇರುವುದು ಗೊತ್ತಿದ್ದರೆ, ಚಿಲ್ಲರೆ ಕೊಡುವಾಗಲೇ ಗಿರಾಕಿಯೊಡನೆ ಮಾತು ಬೆಳೆಯುತ್ತದೆ.

ಒಂದು ವಾರದ ತಯಾರಿ

ಮೊದಲು ಆ ಅಂಗಡಿಗೆ ಗಿರಾಕಿಯಾಗಿ ಹೋಗಿ ಬನ್ನಿ. ಏನೇನು ಮಾರುತ್ತಾರೆ, ಯಾವ ಮೂಲೆಯಲ್ಲಿ ಜನ ಹೆಚ್ಚು, ಕೆಲಸದವರು ಹೇಗೆ ಉಡುಪು ತೊಟ್ಟಿದ್ದಾರೆ, ಬಿಲ್ಲಿಂಗ್ ಹತ್ತಿರ ಎಷ್ಟು ಹೊತ್ತು ಕಾಯಬೇಕು ಎಂದು ನೋಡಿ. ‘ನಮ್ಮ ಅಂಗಡಿ ನೋಡಿದ್ದೀಯಾ?’ ಎಂದು ಕೇಳಿದಾಗ ‘ಹೋದ ವಾರ ಬಂದಿದ್ದೆ ಸರ್, ಮಕ್ಕಳ ಬಟ್ಟೆ ಕಡೆ ಬಹಳ ರಶ್ ಇತ್ತು’ ಎನ್ನುವವರು ಆ ಕ್ಷಣವೇ ಬೇರೆಯವರಿಗಿಂತ ಮುಂದಿರುತ್ತಾರೆ.

ಎರಡನೆಯದು ಬಾಯಿಲೆಕ್ಕ. 347 ರೂಪಾಯಿ ಬಿಲ್ಲಿಗೆ ಗಿರಾಕಿ 500ರ ನೋಟು ಕೊಟ್ಟರೆ ವಾಪಸ್ 153. ಅವರು ಚಿಲ್ಲರೆ ಹುಡುಕಿ 507 ಕೊಟ್ಟರೆ 160. 1,200 ರೂಪಾಯಿ ಸೀರೆಗೆ ಶೇ 15 ರಿಯಾಯಿತಿ ಎಂದರೆ 1,020. ಮನೆಯವರನ್ನು ಎದುರು ಕೂರಿಸಿಕೊಂಡು ದಿನಕ್ಕೆ ಹದಿನೈದು ನಿಮಿಷ ಇದನ್ನೇ ಆಡಿ. ಕಂಪ್ಯೂಟರ್ ಬಿಲ್ ಹಾಕುತ್ತದೆ ನಿಜ, ಆದರೆ ಕರೆಂಟು ಹೋದಾಗ, ಸಾಲು ಉದ್ದವಾದಾಗ ಲೆಕ್ಕ ತಲೆಯಲ್ಲಿರಬೇಕು.

ಮೂರನೆಯದು ಅಂಗಡಿಯ ಮೂಲ ನಿಯಮಗಳು. ಎಂಆರ್‌ಪಿಯಲ್ಲಿ ಎಲ್ಲ ತೆರಿಗೆ ಸೇರಿರುತ್ತದೆ, ಅದರ ಮೇಲೆ ಒಂದು ರೂಪಾಯಿಯನ್ನೂ ಕೇಳುವಂತಿಲ್ಲ. ಮೊದಲು ಬಂದ ಮಾಲು ಮೊದಲು ಹೋಗಬೇಕು, ಆದ್ದರಿಂದ ಎಕ್ಸ್‌ಪೈರಿ ಹತ್ತಿರವಿರುವುದನ್ನು ರ್‍ಯಾಕಿನ ಮುಂದಕ್ಕೆ ಜೋಡಿಸುತ್ತಾರೆ. ಯುಪಿಐನಲ್ಲಿ ದುಡ್ಡು ಬಂದಿದೆಯೇ ಎಂಬುದಕ್ಕೆ ಗಿರಾಕಿ ತೋರಿಸುವ ಸ್ಕ್ರೀನ್ ಸಾಕಾಗದು. ಅಂಗಡಿಯ ಸೌಂಡ್ ಬಾಕ್ಸ್ ಹೇಳಬೇಕು ಅಥವಾ ಅಂಗಡಿಯ ಫೋನಿಗೆ ಸಂದೇಶ ಬರಬೇಕು.

ಕಾಗದಪತ್ರಗಳನ್ನು ಹಿಂದಿನ ರಾತ್ರಿಯೇ ಒಂದು ಫೈಲಿಗೆ ಸೇರಿಸಿ: ಒಂದೇ ಪುಟದ ಬಯೋಡೇಟಾ, ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಪಟ್ಟಿ, ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್‌ಗಳ ಜೆರಾಕ್ಸ್, ಎರಡು ಫೋಟೊ. ಮೂಲಪ್ರತಿ ತೋರಿಸಿ ವಾಪಸ್ ತನ್ನಿ, ಯಾರಲ್ಲೂ ಬಿಡಬೇಡಿ. ಹೊಸ ಬಟ್ಟೆ ಬೇಕಿಲ್ಲ, ಒಗೆದು ಇಸ್ತ್ರಿ ಮಾಡಿದ್ದು ಸಾಕು. ಉಗುರು, ಕೂದಲು, ಚಪ್ಪಲಿ ಶುಚಿಯಾಗಿರಲಿ. ಬಾಯಲ್ಲಿ ಗುಟ್ಕಾ, ಎಲೆಅಡಿಕೆ ಬೇಡ.

ಅವರು ಕೇಳುವುದು

‘ನಿನ್ನ ಬಗ್ಗೆ ಹೇಳು’ ಎಂದಾಗ ಹುಟ್ಟಿದ ತಾರೀಖಿನಿಂದ ಆರಂಭಿಸಬೇಡಿ. ಹೆಸರು, ಊರು, ಓದು, ಅಂಗಡಿಗೆ ಉಪಯೋಗವಾಗುವ ಒಂದು ಗುಣ, ಅದಕ್ಕೊಂದು ಉದಾಹರಣೆ. ಒಂದು ನಿಮಿಷ ಸಾಕು.

‘ಸಿಟ್ಟಾದ ಗಿರಾಕಿ ಬಂದರೆ?’ ಎಂಬುದು ಹೆಚ್ಚುಕಡಿಮೆ ಎಲ್ಲೆಡೆ ಬರುವ ಪ್ರಶ್ನೆ. ಮೊದಲು ಪೂರ್ತಿ ಕೇಳಿಸಿಕೊಳ್ಳುತ್ತೇನೆ, ಎದುರು ಮಾತಾಡುವುದಿಲ್ಲ, ಬಿಲ್ ಮತ್ತು ವಸ್ತು ನೋಡುತ್ತೇನೆ, ನನ್ನ ಕೈಯಲ್ಲಿ ಆಗುವುದನ್ನು ಮಾಡಿಕೊಡುತ್ತೇನೆ, ಆಗದಿದ್ದರೆ ಮೇಲಿನವರನ್ನು ಕರೆಯುತ್ತೇನೆ ಎಂದು ಈ ಕ್ರಮದಲ್ಲೇ ಹೇಳಿ. ಕೆಲಸಕ್ಕೆ ಸೇರಿದ ಮೇಲೂ ನಿಮ್ಮನ್ನು ಕಾಯುವುದು ಇದೇ ಕ್ರಮ.

‘ಗಲ್ಲಾದಲ್ಲಿ ನೂರು ರೂಪಾಯಿ ಕಡಿಮೆ ಬಂದರೆ ಏನ್ ಮಾಡ್ತೀಯ?’ ಎಂಬುದಕ್ಕೆ ‘ನಾನೇ ತುಂಬುತ್ತೇನೆ’ ಎಂದು ದುಡುಕಿ ಹೇಳಬೇಡಿ. ‘ಇನ್ನೊಮ್ಮೆ ಎಣಿಸುತ್ತೇನೆ, ಬಿಲ್ಲುಗಳ ಜೊತೆ ತಾಳೆ ನೋಡುತ್ತೇನೆ, ಸಿಗದಿದ್ದರೆ ಮುಚ್ಚಿಡದೆ ಅವತ್ತೇ ನಿಮಗೆ ಹೇಳುತ್ತೇನೆ’ ಎನ್ನಿ. ಪ್ರಾಮಾಣಿಕತೆ ಎಂದರೆ ಅಷ್ಟೇ.

‘ಭಾನುವಾರ, ಹಬ್ಬದ ದಿನ ಬರ್ತೀಯಾ?’ ಎಂದರೆ ಮನೆಯಲ್ಲಿ ಮೊದಲೇ ಮಾತಾಡಿಕೊಂಡು ಹೋಗಿ. ಊರೆಲ್ಲ ಬಟ್ಟೆ ಕೊಳ್ಳುವ ದಿನವೇ ಅಂಗಡಿಗೆ ನಿಮ್ಮ ಅಗತ್ಯ ಹೆಚ್ಚು. ಪರೀಕ್ಷೆಯ ದಿನಗಳಿದ್ದರೆ ಅದನ್ನೂ ಮುಚ್ಚಿಡದೆ ಹೇಳಿ.

ನೀವು ಕೇಳಬೇಕಾದ್ದು

ಕೊನೆಗೆ ‘ಏನಾದರೂ ಕೇಳೋದಿದೆಯಾ?’ ಎಂದಾಗ ನಮ್ಮ ಮಕ್ಕಳು ‘ಏನಿಲ್ಲ ಸರ್’ ಎಂದು ಎದ್ದುಬಿಡುತ್ತಾರೆ. ಕೂತು ಕೇಳಿ. ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರಲ್ಲೇ ಬಂದಿದೆ. ಅದರಲ್ಲಿ ಮಾಮೂಲಿ ದುಡಿಮೆಗೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆಯ ಮಿತಿಯಿದೆ, ಐದು ಗಂಟೆ ದುಡಿದರೆ ಒಂದು ಗಂಟೆ ಬಿಡುವಿದೆ, ವಾರಕ್ಕೊಂದು ರಜೆಯಿದೆ. ಸೇರಿದ 30 ದಿನದೊಳಗೆ ಹುದ್ದೆ, ಸಂಬಳ, ಷರತ್ತು ಬರೆದ ನೇಮಕ ಪತ್ರ ಕೊಡಬೇಕೆಂದೂ ಅದು ಹೇಳುತ್ತದೆ. ಸಂಬಳ ಎಷ್ಟು, ಯಾವ ತಾರೀಖು, ಬ್ಯಾಂಕಿಗೋ ಕೈಗೋ, ವಾರದ ರಜೆ ಯಾವತ್ತು, ಓವರ್‌ಟೈಮಿಗೆ ಏನು ಎಂದು ಮೆಲ್ಲನೆ, ಸ್ಪಷ್ಟವಾಗಿ ಕೇಳಿದರೆ ಯಾವ ಒಳ್ಳೆಯ ಸಾಹುಕಾರರೂ ಬೇಸರಿಸುವುದಿಲ್ಲ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಕಡೆ, ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳಕ್ಕೆ ಕಾರ್ಮಿಕರ ಆರೋಗ್ಯ ವಿಮೆಯಾದ ಇಎಸ್‌ಐ ಅನ್ವಯಿಸುತ್ತದೆ. ನಿಮ್ಮ ಪಾಲು ಶೇ 0.75 ಮಾತ್ರ. ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಜನರಿದ್ದರೆ ಭವಿಷ್ಯನಿಧಿ (ಪಿಎಫ್) ಇದೆಯೇ ಎಂದೂ ಕೇಳಿ.

ಇನ್ನೊಂದು ಪ್ರಶ್ನೆ: ಗಿರಾಕಿ ಇಲ್ಲದಾಗ ಕೂರಬಹುದೇ? ಅಂಗಡಿ ಕೆಲಸ ಎಂದರೆ ದಿನವಿಡೀ ನಿಲ್ಲುವ ಕೆಲಸ. ಕೋಳಿಕ್ಕೋಡಿನ ಮಿಠಾಯಿ ಬೀದಿಯ ಬಟ್ಟೆ ಅಂಗಡಿಗಳ ಹೆಣ್ಣುಮಕ್ಕಳು ಕೂರುವ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿದ ಮೇಲೆ 2018ರಲ್ಲಿ ಕೇರಳ ತನ್ನ ಕಾನೂನು ತಿದ್ದಿತು. 2021ರಲ್ಲಿ ತಮಿಳುನಾಡು ಅದೇ ದಾರಿ ಹಿಡಿಯಿತು. ಒಂದು ಸ್ಟೂಲು ಹಾಕುವುದರಿಂದ ಯಾವ ಅಂಗಡಿಯ ವ್ಯಾಪಾರವೂ ಕೆಡುವುದಿಲ್ಲ.

ಹೋಗಿಬರುವ ದಾರಿಯನ್ನು ಮೊದಲೇ ಯೋಚಿಸಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ದರವಿಲ್ಲ, ಕಂಪ್ಲಿ, ಸಂಡೂರಿನಿಂದ ಹೊಸಪೇಟೆಗೆ ಬರುವುದು ಹಗುರಾಗಿದೆ. ಆದರೆ ಅಂಗಡಿ ಮುಚ್ಚುವ ಹೊತ್ತಿಗೆ ಕೊನೆಯ ಬಸ್ ಇರುತ್ತದೆಯೇ ಎಂದು ನಿಲ್ದಾಣದಲ್ಲಿ ವಿಚಾರಿಸಿಯೇ ಶಿಫ್ಟ್ ಒಪ್ಪಿಕೊಳ್ಳಿ. ತುಂಗಭದ್ರೆ ತುಂಬಿ ಹರಿದಾಗ ಕಂಪ್ಲಿ–ಗಂಗಾವತಿ ಸೇತುವೆ ಮುಳುಗಿ ದಾರಿ ಬಂದ್ ಆಗುವುದುಂಟು. ಗಂಗಾವತಿಯ ಅಂಗಡಿಗೆ ಸೇರುವವರು ಇದನ್ನೂ ಮಾಲೀಕರಿಗೆ ಮೊದಲೇ ಹೇಳಿರಬೇಕು.

ಮೋಸಕ್ಕೆ ಸಿಕ್ಕಿಬೀಳದಿರಲು ಒಂದೇ ಸೂತ್ರ: ಕೆಲಸ ಕೊಡುವವರು ನಿಮಗೆ ದುಡ್ಡು ಕೊಡಬೇಕು, ನೀವು ಅವರಿಗಲ್ಲ. ದೊಡ್ಡ ಮಳಿಗೆಯ ಹೆಸರಲ್ಲಿ ವಾಟ್ಸಾಪಿಗೆ ಬಂದು ರಿಜಿಸ್ಟ್ರೇಷನ್, ಯೂನಿಫಾರ್ಮ್, ಟ್ರೈನಿಂಗ್ ಎಂದು ಹಣ ಕೇಳಿದರೆ ನೇರ ಅಂಗಡಿಗೇ ಹೋಗಿ ಕೇಳಿ. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಕೆಲಸ ಹುಡುಕಲು ಕೇಂದ್ರದ ನ್ಯಾಷನಲ್ ಕೆರಿಯರ್ ಸರ್ವಿಸ್, ರಾಜ್ಯದ ಸ್ಕಿಲ್ ಕನೆಕ್ಟ್ ಪೋರ್ಟಲ್‌ಗಳಲ್ಲಿ ಹೆಸರು ನೋಂದಾಯಿಸಿಕೊಳ್ಳುವುದು ಉಚಿತ. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಹೊಸಪೇಟೆ, ಹಂಪಿ ಅದಕ್ಕೆ ಸೇರಿದವು, ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ನೋಂದಣಿಯಲ್ಲಿ ಜಿಲ್ಲೆಯ ಹೆಸರು ತಪ್ಪದಂತೆ ನೋಡಿಕೊಳ್ಳಿ.

ಅಪ್ಪ ಅಮ್ಮಂದಿರಿಗೆ ಒಂದು ಮಾತು. ಅಂಗಡಿಯಲ್ಲಿ ನಿಂತ ಮಗಳನ್ನು, ಸಾಮಾನು ಜೋಡಿಸುವ ಮಗನನ್ನು ‘ಇಷ್ಟು ಓದಿ ಇದನ್ನಾ ಮಾಡೋದು’ ಎಂದು ಹಂಗಿಸಬೇಡಿ. ಜನರೊಡನೆ ಮಾತು, ದುಡ್ಡಿನ ಲೆಕ್ಕ, ಸಮಯದ ಶಿಸ್ತು ಕಲಿಸುವ ಇದಕ್ಕಿಂತ ಒಳ್ಳೆಯ ಮೊದಲ ಶಾಲೆ ಪೇಟೆಯಲ್ಲಿಲ್ಲ. ಅಂಗಡಿಯವರಿಗೂ ಒಂದು ಮಾತು: ಮೊದಲ ಸಲ ಬಾಗಿಲಿಗೆ ಬಂದ ಮಗುವನ್ನು ಕೂರಿಸಿ ಮಾತಾಡಿಸಿ, ತೆಗೆದುಕೊಂಡರೆ ಸಂಬಳ ಬರೆದು ಕೊಡಿ, ತೆಗೆದುಕೊಳ್ಳದಿದ್ದರೆ ಯಾಕೆಂದು ತಿಳಿಸಿ ಕಳಿಸಿ. ಇನ್ನು ಕೆಲಸ ಹುಡುಕುತ್ತಿರುವ ಗೆಳೆಯ, ಗೆಳತಿಯರೇ, ಒಂದು ಅಂಗಡಿ ಬೇಡವೆಂದರೆ ಅಲ್ಲಿ ಏನು ಕೇಳಿದರೆಂದು ಬರೆದಿಟ್ಟುಕೊಂಡು ಮುಂದಿನ ಅಂಗಡಿಗೆ ಹೋಗಿ. ತಲೆಯೆತ್ತಿ ನಮಸ್ಕಾರ ಹೇಳಿ, ಕೇಳಿದ್ದಕ್ಕೆ ನಿಜ ಹೇಳಿ, ಕೇಳಬೇಕಾದ್ದನ್ನು ಬಿಡದೆ ಕೇಳಿ.