ಸೊಂಟನೋವಿಗೆ ಶಸ್ತ್ರಕ್ರಿಯೆಯೋ, ಔಷಧಿಯೋ?

ದಾವಣಗೆರೆ, ಹರಿಹರ ತಾಲ್ಲೂಕುಗಳಲ್ಲಿ ನಾಟಿ ಹಾಕುವುದು, ಕಳೆ ಕೀಳುವುದು ಬಹುಮಟ್ಟಿಗೆ ಹೆಂಗಸರ ಕೆಲಸ. ಮೂಟೆ ಹೊರುವುದು ಗಂಡಸರ ಪಾಲು. ಕೊಂಡಜ್ಜಿಯ ಸುತ್ತಲಿನ ಹಳ್ಳಿಗಳಲ್ಲಿ ಸೊಂಟನೋವನ್ನು ಅರಿಯದ ಮನೆ ವಿರಳ. ನೋವು ೩ ತಿಂಗಳಿಗೂ ಮೀರಿ ಉಳಿದಾಗ, ಶಸ್ತ್ರಕ್ರಿಯೆಗೆ ಒಪ್ಪಬೇಕೇ, ಔಷಧಿ ಸಾಕೇ ಎಂಬ ಪ್ರಶ್ನೆ ದಂಪತಿಗಳನ್ನು ಕಾಡುತ್ತದೆ.

ಇಂತಹ ನೋವಿನಲ್ಲಿ ಬಹುಪಾಲು ಸ್ನಾಯು, ಕೀಲುಗಳಿಗೆ ಸಂಬಂಧಿಸಿದ್ದು. ಇದಕ್ಕೆ ಶಸ್ತ್ರಕ್ರಿಯೆ ಬೇಕಿಲ್ಲ. ನಡಿಗೆ, ವೈದ್ಯರು ಕಲಿಸುವ ವ್ಯಾಯಾಮ, ಭಾರವನ್ನು ಮಂಡಿ ಮಡಿಸಿ ಎತ್ತುವ ಅಭ್ಯಾಸ ಇವುಗಳೇ ಮುಖ್ಯ ಚಿಕಿತ್ಸೆ. ಹಾಸಿಗೆ ಹಿಡಿದು ಮಲಗಿದರೆ ನೋವು ಬಲಿಯುತ್ತದೆ. "ಎಲುಬು ಸವೆದಿದೆ" ಎಂದು ಎಕ್ಸ್‌ರೇಯಲ್ಲಿ ಕಂಡರೆ ಗಾಬರಿಯಾಗಬೇಕಾಗಿಲ್ಲ. ನೋವೇ ಇಲ್ಲದವರಲ್ಲೂ ವಯಸ್ಸಾದಂತೆ ಸವೆತ ಕಾಣುತ್ತದೆ. ನೋವಿನ ಮಾತ್ರೆಗಳನ್ನು ಕೆಲವು ದಿನ ಮಾತ್ರ ಸೇವಿಸತಕ್ಕದ್ದು. ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗಿದರೆ ಜಠರದಲ್ಲಿ ಹುಣ್ಣಾಗಬಹುದು, ಮೂತ್ರಪಿಂಡಗಳೂ ಕೆಡಬಹುದು.

ಬೆನ್ನೆಲುಬಿನ ನಡುವಿನ ಮೆತ್ತೆ ಜಾರಿ ನರವನ್ನು ಒತ್ತಿದಾಗ ನೋವು ಕಾಲಿನುದ್ದಕ್ಕೂ ಇಳಿಯುತ್ತದೆ. ಇದು ಸಹ ಅನೇಕರಲ್ಲಿ ಕೆಲವು ವಾರಗಳಲ್ಲಿ ತಾನಾಗಿ ಶಮನವಾಗುತ್ತದೆ. ಆಗದಿದ್ದವರಿಗೆ ಶಸ್ತ್ರಕ್ರಿಯೆಯಿಂದ ಕಾಲುನೋವು ಬೇಗ ಇಳಿಯುವುದುಂಟು. ಸೊಂಟನೋವಿನ ಬಗ್ಗೆ ಅಷ್ಟು ಭರವಸೆ ಕೊಡಲಾಗದು. ಆದರೆ ಮೂತ್ರ ಕಟ್ಟಿದರೆ, ತೊಡೆಗಳ ಸಂದಿಯಲ್ಲಿ ಸ್ಪರ್ಶ ತಿಳಿಯದಾದರೆ, ಕಾಲು ಬಲಗುಂದಿದರೆ ಅದೇ ದಿನ ದಾವಣಗೆರೆಯ ಜಿಲ್ಲಾ ಆಸ್ಪತ್ರೆಗೆ ಹೋಗಲೇಬೇಕು. ಜ್ವರ, ತೂಕ ಇಳಿಕೆ ಜೊತೆಗಿದ್ದರೆ ಬೆನ್ನೆಲುಬಿನ ಕ್ಷಯವಿರಬಹುದು. ಸರ್ಕಾರ ಉಚಿತವಾಗಿ ಕೊಡುವ ಔಷಧಿಯಿಂದಲೇ ಇದು ಬಹುಮಟ್ಟಿಗೆ ಗುಣವಾಗುತ್ತದೆ.

ಹೆಂಗಸರಿಗೆ ಇನ್ನೊಂದು ಅಪಾಯವಿದೆ. ಕಲಬುರಗಿ ಜಿಲ್ಲೆಯಲ್ಲಿ ಹೊಟ್ಟೆನೋವು, ಸೊಂಟನೋವು, ಬಿಳಿಸೆರಗು ಎಂದು ಖಾಸಗಿ ಆಸ್ಪತ್ರೆಗಳಿಗೆ ಹೋದ ಅನೇಕ ಬಡ ಹೆಂಗಸರ, ವಿಶೇಷವಾಗಿ ಲಂಬಾಣಿ ತಾಂಡಾದವರ, ಗರ್ಭಕೋಶವನ್ನೇ ಅನಗತ್ಯವಾಗಿ ತೆಗೆದ ಸಂಗತಿ ೨೦೧೫ರಲ್ಲಿ ಬೆಳಕಿಗೆ ಬಂದು ವಿಚಾರಣೆ ನಡೆಯಿತು. ಇಂತಹ ಶಸ್ತ್ರಕ್ರಿಯೆಗಳನ್ನು ತಡೆಯುವ ಮಾರ್ಗಸೂಚಿಗಳನ್ನು ಜಾರಿಗೊಳಿಸುವಂತೆ ೨೦೨೩ರಲ್ಲಿ ಸರ್ವೋಚ್ಚ ನ್ಯಾಯಾಲಯವು ರಾಜ್ಯಗಳಿಗೆ ಆದೇಶಿಸಿತು. ಸೊಂಟನೋವೊಂದೇ ಗರ್ಭಕೋಶ ತೆಗೆಸಲು ಕಾರಣವಲ್ಲ. ಅಂಡಾಶಯಗಳನ್ನೂ ತೆಗೆದುಬಿಟ್ಟರೆ ಎಲುಬು ಬೇಗ ಟೊಳ್ಳಾಗಿ, ಯಾವ ನೋವಿಗೆಂದು ಹೋದರೋ ಅದೇ ಹೆಚ್ಚಬಹುದು. "ಮಕ್ಕಳಾದ ಮೇಲೆ ಅದರಿಂದೇನು ಪ್ರಯೋಜನ?" ಎಂಬ ಮಾತು ತಪ್ಪು ತಿಳಿವಳಿಕೆಯದು.

ಆದ್ದರಿಂದ ಗಂಡಹೆಂಡಿರು ಇಬ್ಬರೂ ಜೊತೆಗೆ ಹೋಗಿ, ರೋಗದ ಹೆಸರೇನು, ಔಷಧಿ ಏಕೆ ಸಾಲದು, ಶಸ್ತ್ರಕ್ರಿಯೆಯ ನಂತರ ಯಾವ ನೋವು ಉಳಿಯುತ್ತದೆ ಎಂದು ಕೇಳಿ ತಿಳಿಯಬೇಕು. ಸಹಿ ಹಾಕುವ ಮೊದಲು ಕಾಗದಪತ್ರಗಳನ್ನು ಸರ್ಕಾರಿ ಆಸ್ಪತ್ರೆಯ ಬೇರೊಬ್ಬ ವೈದ್ಯರಿಗೆ ತೋರಿಸುವುದು ಒಳ್ಳೆಯದು.