ಬೇಸಿಗೆಯ ತಾಪವೂ ಮಣ್ಣಿನ ಮನೆಯೂ

ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಪ್ರದೇಶಗಳಲ್ಲಿ ಏಪ್ರಿಲ್ ಮತ್ತು ಮೇ ತಿಂಗಳುಗಳ ಹಗಲಿನ ಉಷ್ಣತೆಯು ಅನೇಕ ದಿನ 40 ಡಿಗ್ರಿ ಸೆಲ್ಸಿಯಸ್ಸನ್ನು ಸಮೀಪಿಸುತ್ತದೆ. ಆಗಲೂ ಹಳೆಯ ಮಾಳಿಗೆ ಮನೆಯ ಪಡಸಾಲೆ ತಂಪಾಗಿರುವುದನ್ನು ತಾವು ಅನುಭವಿಸಿರಬಹುದು. ಇದಕ್ಕೆ ಕಾರಣವೇನು?

ದಪ್ಪನೆಯ ಮಣ್ಣಿನ ಗೋಡೆಯು ಕಾವನ್ನು ನಿಧಾನವಾಗಿ ಹೀರಿಕೊಳ್ಳುತ್ತದೆ. ಮಧ್ಯಾಹ್ನ ಹೊರಮೈಗೆ ತಾಗಿದ ಬಿಸಿಲಿನ ಶಾಖವು ಒಳಮೈಯನ್ನು ತಲಪುವ ವೇಳೆಗೆ ಹಲವು ಗಂಟೆಗಳು ಕಳೆದು ರಾತ್ರಿಯಾಗಿರುತ್ತದೆ. ತೊಲೆ, ಜಂತಿಗಳ ಮೇಲೆ ಹೊದಿಸಿದ ಮೇಲ್ಮುದ್ದೆಯ ಗುಣವೂ ಇದೇ. ತಗಡಿನ ಛಾವಣಿಯಾದರೋ ಬೇಗನೆ ಕಾದು, ಕೆಳಗಿರುವವರ ಮೇಲೆ ಕಾವನ್ನು ಸೂಸುತ್ತದೆ.

ಹಗಲು ಹೀರಿದ ಶಾಖವನ್ನು ಗೋಡೆಯು ರಾತ್ರಿ ಒಳಗೆ ಬಿಡುತ್ತದೆ. ಆದುದರಿಂದ ಬೆಳಿಗ್ಗೆ ಬಿಸಿಲೇರುವ ಮುನ್ನ ಕಿಟಕಿ, ಬೆಳಕಿಂಡಿಗಳನ್ನು ಮುಚ್ಚಿರಿ. ಸಂಜೆ ಹೊರಗಿನ ಗಾಳಿ ತಂಪಾದ ಮೇಲೆ ತೆರೆದಿಡಿರಿ. ಒಲೆ ಉರಿಯುವಾಗ ಮಾತ್ರ ಹೊಗೆ ಹೋಗಲು ಬೆಳಕಿಂಡಿ ಸದಾ ತೆರೆದಿರಲಿ. ಮಳೆಗಾಲಕ್ಕೆ ಮುಂಚೆ ಮೇಲ್ಮುದ್ದೆಯ ಬಿರುಕುಗಳನ್ನು ಮುಚ್ಚಿಸಿರಿ. ತಗಡಿನ ಮನೆಯುಳ್ಳವರು ಛಾವಣಿಯ ಮೇಲೆ ಸುಣ್ಣ ಬಳಿದರೆ ಕಾವು ತಕ್ಕಮಟ್ಟಿಗೆ ಕಡಿಮೆಯಾಗುವುದು.

ತಾಪವು ಗರ್ಭಿಣಿಯರು, ಬಾಣಂತಿಯರು, ಶಿಶುಗಳು ಹಾಗೂ ವೃದ್ಧರನ್ನು ಬಹುಬೇಗ ಬಾಧಿಸುತ್ತದೆ. ಬಾಣಂತಿಯನ್ನು ಮುಚ್ಚಿದ ಕೋಣೆಯಲ್ಲಿರಿಸಿ, ಮಂಚದ ಕೆಳಗೆ ಕೆಂಡವಿಟ್ಟು ಕಾಯಿಸುವುದೂ, ನೀರು ಕೊಡದಿರುವುದೂ ನಮ್ಮಲ್ಲಿ ಕೆಲವೆಡೆ ರೂಢಿಯಲ್ಲಿವೆ. ಹಿರಿಯರು ಇದನ್ನು ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ಕೆಂಡದಿಂದೇಳುವ ವಿಷಾನಿಲವು ತಾಯಿ, ಮಗು ಇಬ್ಬರ ಪ್ರಾಣಕ್ಕೂ ಅಪಾಯಕಾರಿ. ಬೇಸಿಗೆಯಲ್ಲಿ ಆ ಕೋಣೆಯ ಸೆಖೆಯೂ ಹಾಗೆಯೇ. ಕೆಂಡವನ್ನು ಇಡಬೇಡಿರಿ. ಮನೆಯಲ್ಲಿ ತಂಪಾದ, ಗಾಳಿಯಾಡುವ ಸ್ಥಳವನ್ನೇ ಬಾಣಂತಿಗೆ ಕೊಡಿರಿ. ಬಾಯಾರಿದಾಗಲೆಲ್ಲ ಆಕೆ ನೀರು, ಮಜ್ಜಿಗೆ ಕುಡಿಯಲಿ. ಮಗುವಿಗೆ ತೆಳು ಹತ್ತಿಬಟ್ಟೆ ಸಾಕು. ಆರು ತಿಂಗಳು ತುಂಬುವವರೆಗೆ ಸೆಖೆಯಲ್ಲಿಯೂ ಎದೆಹಾಲನ್ನು ಮಾತ್ರ, ಹೆಚ್ಚು ಸಲ ಕುಡಿಸಬೇಕು, ನೀರು ಬೇಕಾಗಿಲ್ಲ.

ಮಗು ಮಂಕಾಗಿ ಹಾಲು ಬಿಟ್ಟರೆ, ಮೂತ್ರ ಕಡಿಮೆಯಾದರೆ, ಬಾಯಿ ಒಣಗಿದರೆ ಕೂಡಲೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆತನ್ನಿರಿ. ಯಾರಿಗಾದರೂ ಮೈ ಸುಡುವಷ್ಟು ಕಾದು, ಮಾತು ತೊದಲಿದರೆ ಅಥವಾ ಪ್ರಜ್ಞೆ ತಪ್ಪಿದರೆ ಅದು ತಾಪಾಘಾತವೆಂದು ತಿಳಿಯಿರಿ. 108 ಕ್ಕೆ ಕರೆ ಮಾಡಿ, ನೆರಳಿಗೆ ಒಯ್ದು, ಮೈಗೆ ನೀರು ಹಾಕಿ ಗಾಳಿ ಬೀಸಿರಿ. ಪ್ರಜ್ಞೆಯಿಲ್ಲದವರ ಬಾಯಿಗೆ ನೀರು ಹಾಕಕೂಡದು.

ಹಿರಿಯರು ಕಟ್ಟಿದ ಮನೆಯ ತಂಪು ಮೊದಲು ತಾಯಿಗೂ ಮಗುವಿಗೂ ದೊರೆಯಲಿ.