ಪ್ರತಿಸ್ಪರ್ಧಿಗಳ ಪ್ರಚಾರದ ಮೇಲೆ ನಿಗಾ: ಸಣ್ಣ ಉದ್ದಿಮೆಗಳಿಗೆ ಕೃತಕ ಬುದ್ಧಿಮತ್ತೆಯ ನೆರವು

ವ್ಯಾಪಾರದಲ್ಲಿ ಪ್ರತಿಸ್ಪರ್ಧಿಯ ನಡೆಯನ್ನು ಗಮನಿಸುವುದು ಹೊಸ ವಿಷಯವೇನೂ ಅಲ್ಲ. ಪೇಟೆಯಲ್ಲಿ ಅಂಗಡಿ ಇಟ್ಟ ಪ್ರತಿಯೊಬ್ಬ ವರ್ತಕರೂ ಎದುರಿನ ಅಂಗಡಿಯ ದರ, ರಿಯಾಯಿತಿ, ಹೊಸ ಮಾಲು ಇವುಗಳ ಮೇಲೆ ಒಂದು ಕಣ್ಣಿಟ್ಟೇ ಇರುತ್ತಾರೆ. ಆದರೆ ವ್ಯಾಪಾರವು ಒಂದು ಊರಿನ ಗಡಿ ದಾಟಿ ನಾಲ್ಕಾರು ಮಾರುಕಟ್ಟೆಗಳಿಗೆ ಹಬ್ಬಿದಾಗ ಮಾಲೀಕರ ಕಣ್ಣು ಎಲ್ಲೆಡೆಯೂ ತಲುಪುವುದಿಲ್ಲ. ದೊಡ್ಡ ಕಂಪನಿಗಳು ಮಾರುಕಟ್ಟೆ ಸಮೀಕ್ಷಾ ಸಂಸ್ಥೆಗಳಿಗೆ ಹಣ ತೆತ್ತು ವರದಿಗಳನ್ನು ತರಿಸಿಕೊಳ್ಳುತ್ತವೆ. ಸಣ್ಣ ಉದ್ದಿಮೆದಾರರಿಗೆ ಇರುವ ಆಧಾರವೆಂದರೆ ಮಾರಾಟ ಪ್ರತಿನಿಧಿಯ ಬಾಯಿಮಾತು: "ಅಲ್ಲಿ ಅವರು ದರ ಇಳಿಸಿದ್ದಾರೆ, ನಾವೂ ಇಳಿಸಬೇಕು." ಈ ಒಂದು ಮಾತನ್ನು ನಂಬಿ ದರ ಇಳಿಸಿ, ಮತ್ತೆ ಏರಿಸಲಾಗದೆ ಲಾಭಾಂಶ ಕಳೆದುಕೊಂಡ ಘಟಕಗಳು ವಿರಳವಲ್ಲ.

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಸಾರ್ವಜನಿಕರ ಬಳಕೆಗೆ ಬಂದ ತರುವಾಯ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಸಾಮಾನ್ಯ ಮೊಬೈಲಿನಲ್ಲಿಯೂ ದೊರೆಯತೊಡಗಿವೆ. ಛಾಯಾಚಿತ್ರದಲ್ಲಿನ ಬರಹವನ್ನು ಓದುವುದು, ಮರಾಠಿ ಜಾಹೀರಾತಿನ ಸಾರವನ್ನು ಕನ್ನಡದಲ್ಲಿ ಹೇಳುವುದು, ಹತ್ತಾರು ಜಾಹೀರಾತುಗಳನ್ನು ಒಂದು ಕೋಷ್ಟಕದಲ್ಲಿ ಜೋಡಿಸುವುದು ಇವುಗಳಿಗೆ ಸಾಧ್ಯ. ಇದರಿಂದ ಸಣ್ಣ ಘಟಕವೂ ಹಲವು ಊರುಗಳ ಪ್ರಚಾರವನ್ನು ಕ್ರಮಬದ್ಧವಾಗಿ ಗಮನಿಸಬಹುದಾಗಿದೆ. ಆದರೆ ಯಂತ್ರವು ನಾವು ಕೊಟ್ಟದ್ದನ್ನು ಜೋಡಿಸಬಲ್ಲದೇ ಹೊರತು ನಾವು ನೋಡದೆ ಬಿಟ್ಟದ್ದನ್ನು ತಿಳಿಯಲಾರದು. ಸಂಗ್ರಹದಲ್ಲಿ ಶಿಸ್ತಿದ್ದರೆ ಮಾತ್ರ ಅದರ ವರದಿಗೆ ಬೆಲೆ.

ಒಂದು ಉದಾಹರಣೆ

ಹುಬ್ಬಳ್ಳಿಯಲ್ಲಿ ಚೂಡಾ, ಶೇವು, ಚಕ್ಕುಲಿ ತಯಾರಿಸುವ ಘಟಕವೊಂದನ್ನು ಊಹಿಸಿಕೊಳ್ಳೋಣ. ಅದರ ಮಾಲು ಹುಬ್ಬಳ್ಳಿ, ಬೆಳಗಾವಿ, ಕೊಲ್ಲಾಪುರ ಮತ್ತು ಮಡಗಾಂವ್ ಮಾರುಕಟ್ಟೆಗಳಿಗೆ ಹೋಗುತ್ತದೆ. ಈ ನಾಲ್ಕು ಊರುಗಳ ನಡುವೆ ಕನ್ನಡ, ಮರಾಠಿ, ಕೊಂಕಣಿ ಮೂರು ಭಾಷೆಗಳ ಬಳಕೆ ಇದೆ. ಹಬ್ಬದ ಬೇಡಿಕೆಯೂ ಭಿನ್ನ. ನಾಗರ ಪಂಚಮಿಗೆ ಹುಬ್ಬಳ್ಳಿಯ ಕಡೆ ಉಂಡಿಗಳಿಗೆ ಬೇಡಿಕೆ ಹೆಚ್ಚಿದರೆ, ಗೋವೆಯಲ್ಲಿ ಗಣೇಶ ಚತುರ್ಥಿಯೇ ದೊಡ್ಡ ಹಬ್ಬ. ಕೊಲ್ಲಾಪುರ, ಬೆಳಗಾವಿಗಳಲ್ಲಿ ದೀಪಾವಳಿಯ ಫರಾಳಕ್ಕೆ ಸಿದ್ಧ ತಿನಿಸುಗಳ ಮಾರಾಟ ನಡೆಯುತ್ತದೆ. ಪ್ರತಿಸ್ಪರ್ಧಿಗಳೂ ಎಲ್ಲ ಕಡೆ ಒಬ್ಬರೇ ಆಗಿರುವುದಿಲ್ಲ. ಆದ್ದರಿಂದ ನಾಲ್ಕೂ ಊರುಗಳಿಗೆ ಒಂದೇ ನಿರ್ಣಯ ಹೊಂದುವುದಿಲ್ಲ. ಪ್ರತಿ ಊರಿಗೂ ಪ್ರತ್ಯೇಕ ದಾಖಲೆ ಬೇಕಾಗುತ್ತದೆ.

ಮಾಹಿತಿ ದೊರೆಯುವ ಮೂಲಗಳು

ಮೊದಲನೆಯದು ಸ್ಥಳೀಯ ಪತ್ರಿಕೆಗಳು. ಒಂದೇ ಪತ್ರಿಕೆಯ ಬೇರೆ ಬೇರೆ ಜಿಲ್ಲಾ ಆವೃತ್ತಿಗಳಲ್ಲಿ ಬೇರೆ ಬೇರೆ ಜಾಹೀರಾತುಗಳು ಇರುತ್ತವೆ. ಹುಬ್ಬಳ್ಳಿಯಲ್ಲಿ ಕುಳಿತು ಓದುವ ಪತ್ರಿಕೆಯಿಂದ ಬೆಳಗಾವಿಯ ಪ್ರಚಾರ ತಿಳಿಯದು. ಇ-ಪತ್ರಿಕೆಯ ಮೂಲಕ ಆಯಾ ಆವೃತ್ತಿಯನ್ನೇ ನೋಡಬೇಕು.

ಎರಡನೆಯದು ಬೀದಿಯ ಪ್ರಚಾರ: ಫಲಕಗಳು, ಗೋಡೆಬರಹ, ಬಸ್ಸುಗಳ ಹಿಂಬದಿಯ ಜಾಹೀರಾತು, ಅಂಗಡಿಯ ಮುಂದೆ ತೂಗುಹಾಕಿದ ರಿಯಾಯಿತಿ ಚೀಟಿ. ಇವು ಅಂತರ್ಜಾಲದಲ್ಲಿ ಸಿಗುವುದಿಲ್ಲ. ಮಾರಾಟ ಪ್ರತಿನಿಧಿಯೇ ತಮ್ಮ ಓಡಾಟದಲ್ಲಿ ಛಾಯಾಚಿತ್ರ ತೆಗೆಯಬೇಕು.

ಮೂರನೆಯದು ಅಂತರ್ಜಾಲದ ಜಾಹೀರಾತು. ಫೇಸ್‌ಬುಕ್ ಹಾಗೂ ಇನ್‌ಸ್ಟಾಗ್ರಾಂ ಒಡೆತನ ಹೊಂದಿರುವ ಮೆಟಾ ಕಂಪನಿಯು 'ಆ್ಯಡ್ ಲೈಬ್ರರಿ' ಎಂಬ ಉಚಿತ ಸಂಗ್ರಹವನ್ನು ನಡೆಸುತ್ತದೆ. ಅದರಲ್ಲಿ ಪ್ರತಿಸ್ಪರ್ಧಿಯ ಹೆಸರು ನಮೂದಿಸಿದರೆ ಆ ಹೊತ್ತಿನಲ್ಲಿ ಚಾಲ್ತಿಯಲ್ಲಿರುವ ಜಾಹೀರಾತುಗಳು ಮತ್ತು ಅವು ಆರಂಭವಾದ ದಿನಾಂಕ ಕಾಣಸಿಗುತ್ತವೆ. ಗೂಗಲ್ ಕಂಪನಿಯು 2023ರಲ್ಲಿ ಇಂಥದೇ 'ಆ್ಯಡ್ಸ್ ಟ್ರಾನ್ಸ್‌ಪರೆನ್ಸಿ ಸೆಂಟರ್' ಆರಂಭಿಸಿದೆ. ಇಲ್ಲಿ ಎರಡು ಮಿತಿಗಳನ್ನು ತಿಳಿದಿರಬೇಕು. ಭಾರತದಲ್ಲಿ ಸಾಮಾನ್ಯ ವಾಣಿಜ್ಯ ಜಾಹೀರಾತು ಚಾಲ್ತಿ ನಿಂತೊಡನೆ ಮೆಟಾ ಸಂಗ್ರಹದಿಂದ ಮರೆಯಾಗುತ್ತದೆ. ಕಂಡ ದಿನವೇ ಅದರ ಪ್ರತಿ ತೆಗೆದಿಡದಿದ್ದರೆ ದಾಖಲೆ ಉಳಿಯದು. ಅಲ್ಲದೆ ಅಂಥ ಜಾಹೀರಾತಿಗೆ ಎಷ್ಟು ಹಣ ವ್ಯಯವಾಯಿತು, ಅದು ಯಾವ ಊರಿನವರಿಗೆ ತೋರಿತು ಎಂಬುದನ್ನು ಅಲ್ಲಿ ತಿಳಿಸುವುದಿಲ್ಲ. ಭಾಷೆ, ಅಂಗಡಿಯ ವಿಳಾಸ, ವಿತರಕರ ಹೆಸರು ಇವುಗಳಿಂದ ಊರನ್ನು ಊಹಿಸಬಹುದಷ್ಟೆ. ಊಹೆಯನ್ನು ಊಹೆಯೆಂದೇ ಬರೆದಿಡಬೇಕು.

ಕೆಲಸದ ಕ್ರಮ

ಆರಂಭದಲ್ಲಿ ಪ್ರತಿ ಊರಿಗೆ ಮೂರು ಪ್ರತಿಸ್ಪರ್ಧಿಗಳನ್ನು ಮಾತ್ರ ಆರಿಸಿಕೊಳ್ಳುವುದು ಒಳಿತು. ವಾರದಲ್ಲಿ ಒಂದು ನಿಗದಿತ ದಿನ ಎಲ್ಲ ಊರುಗಳಿಂದಲೂ ಚಿತ್ರಗಳು ಬರಬೇಕು. ಪ್ರತಿ ಚಿತ್ರದ ಹೆಸರಿನಲ್ಲಿಯೇ ಊರು ಮತ್ತು ದಿನಾಂಕ ಇರಲಿ. ಅನಂತರ ಚಿತ್ರಗಳನ್ನು ತಂತ್ರಾಂಶಕ್ಕೆ ನೀಡಿ ಸ್ಪಷ್ಟವಾಗಿ ಸೂಚಿಸಬೇಕು. ಸೂಚನೆಯನ್ನು ಕನ್ನಡದಲ್ಲಿಯೇ ಹೀಗೆ ಕೊಡಬಹುದು:

"ಈ ಜಾಹೀರಾತುಗಳನ್ನು ಓದಿ ಕೋಷ್ಟಕ ತಯಾರಿಸು. ಅಂಕಣಗಳು: ಊರು, ದಿನಾಂಕ, ಸಂಸ್ಥೆ, ಪದಾರ್ಥ, ನಿವ್ವಳ ತೂಕ, ಬೆಲೆ, ರಿಯಾಯಿತಿಯ ಷರತ್ತು, ರಿಯಾಯಿತಿ ಮುಗಿಯುವ ದಿನ. ಜಾಹೀರಾತಿನಲ್ಲಿ ಕಾಣದ ವಿವರವನ್ನು ಖಾಲಿ ಬಿಡು, ಊಹಿಸಬೇಡ. ಸ್ಪಷ್ಟವಾಗಿ ಓದಲಾಗದ ಅಂಕಿಯ ಮುಂದೆ ಪ್ರಶ್ನಾರ್ಥಕ ಚಿಹ್ನೆ ಇಡು. ಪ್ರತಿ ಸಾಲಿನಲ್ಲಿ ಚಿತ್ರದ ಹೆಸರನ್ನು ಬರೆ."

ಕೊನೆಯ ಮೂರು ವಾಕ್ಯಗಳು ಅತಿ ಮುಖ್ಯ. ಈ ತಂತ್ರಾಂಶಗಳು ಗೊತ್ತಿಲ್ಲದ ಕಡೆಯೂ ಗೊತ್ತಿದ್ದಂತೆ ಬರೆದುಬಿಡುವ ಸ್ವಭಾವದವು. ಅಲಂಕಾರಿಕ ಕನ್ನಡ ಅಕ್ಷರಗಳು, ಒತ್ತಕ್ಷರಗಳು, ಮಸುಕಾದ ಗೋಡೆಬರಹ ಇವುಗಳಲ್ಲಿ ತಪ್ಪು ಓದುವ ಸಂಭವ ಹೆಚ್ಚು. ರೂಪಾಯಿಯ ಚಿಹ್ನೆಯನ್ನು ಅಂಕಿಯೆಂದು ಓದಿದರೆ ಬೆಲೆಯೇ ಬದಲಾಗಿಬಿಡುತ್ತದೆ. ಆದ್ದರಿಂದ ಬೆಲೆ, ತೂಕ, ದಿನಾಂಕ ಈ ಮೂರನ್ನು ಕಚೇರಿಯ ಒಬ್ಬರು ಮೂಲ ಚಿತ್ರದೊಡನೆ ಹೋಲಿಸಿ ನೋಡಲೇಬೇಕು.

ತಿಂಗಳ ಕೊನೆಯಲ್ಲಿ ಅದೇ ಕೋಷ್ಟಕವನ್ನು ನೀಡಿ ಹೊಸದಾಗಿ ಬಂದದ್ದೇನು, ನಿಂತದ್ದೇನು, ಒಂದು ಊರಿನಲ್ಲಿದ್ದು ಇನ್ನೊಂದರಲ್ಲಿ ಇಲ್ಲದ್ದೇನು ಎಂದು ಕೇಳಬಹುದು. ಇದರ ಉತ್ತರದಲ್ಲಿಯೇ ಮಾಲೀಕರಿಗೆ ಬೇಕಾದ ಸಂಗತಿಗಳು ಇರುತ್ತವೆ.

'ಕಾಣಲಿಲ್ಲ' ಮತ್ತು 'ನೋಡಲಿಲ್ಲ'

ಹಲವು ಮಾರುಕಟ್ಟೆಗಳನ್ನು ಗಮನಿಸುವಾಗ ಆಗುವ ದೊಡ್ಡ ಪ್ರಮಾದ ಇಲ್ಲಿದೆ. ಮಡಗಾಂವ್‌ಗೆ ಹೋಗುವ ಪ್ರತಿನಿಧಿ ಎರಡು ವಾರ ರಜೆಯಲ್ಲಿದ್ದರೆಂದು ಇಟ್ಟುಕೊಳ್ಳೋಣ. ಅಲ್ಲಿಂದ ಚಿತ್ರಗಳು ಬರಲಿಲ್ಲ. ಯಂತ್ರವು ಕೋಷ್ಟಕವನ್ನು ನೋಡಿ, "ಮಡಗಾಂವ್‌ನಲ್ಲಿ ಪ್ರತಿಸ್ಪರ್ಧಿಗಳ ಪ್ರಚಾರ ನಿಂತಿದೆ" ಎಂದು ವರದಿ ಕೊಡಬಹುದು. ಅದನ್ನು ನಂಬಿ ಅಲ್ಲಿಗೆ ಹೆಚ್ಚು ಮಾಲು ಕಳುಹಿಸಿದರೆ ಅದು ಹಾಗೆಯೇ ಉಳಿದು, ಬಾಳಿಕೆಯ ಅವಧಿ ಮೀರಿ ಹಿಂದಿರುಗಬಹುದು.

ಇದಕ್ಕೆ ಪರಿಹಾರ ಸರಳ. ಪ್ರತಿ ವಾರ ಪ್ರತಿ ಊರಿನಲ್ಲಿ ಯಾರು, ಯಾವ ದಿನ, ಎಷ್ಟು ಅಂಗಡಿಗಳನ್ನು ನೋಡಿದರು ಎಂಬುದನ್ನು ಪ್ರತ್ಯೇಕ ಹಾಳೆಯಲ್ಲಿ ಬರೆದು ಅದನ್ನೂ ತಂತ್ರಾಂಶಕ್ಕೆ ಕೊಡಬೇಕು. ನೋಡಿದಾಗ ಜಾಹೀರಾತು ಇರದಿದ್ದರೆ 'ಕಾಣಲಿಲ್ಲ' ಎಂದೂ, ಯಾರೂ ಹೋಗದಿದ್ದರೆ 'ನೋಡಲಿಲ್ಲ' ಎಂದೂ ನಮೂದಿಸಬೇಕು. ಹುಬ್ಬಳ್ಳಿಯಲ್ಲಿ ಐವತ್ತು ಅಂಗಡಿ, ಕೊಲ್ಲಾಪುರದಲ್ಲಿ ಐದು ಅಂಗಡಿ ನೋಡಿ ಎರಡನ್ನೂ ಹೋಲಿಸುವುದರಲ್ಲಿ ಅರ್ಥವಿಲ್ಲ.

ಬೆಲೆಯ ಹೋಲಿಕೆಯಲ್ಲಿ ಎಚ್ಚರ

ನಮ್ಮ ಉದಾಹರಣೆಯ ಘಟಕವು 200 ಗ್ರಾಂ ಶೇವನ್ನು ರೂ. 60ಕ್ಕೆ ಮಾರುತ್ತದೆ. ಪ್ರತಿಸ್ಪರ್ಧಿಯ ಫಲಕದಲ್ಲಿ ದಪ್ಪಕ್ಷರಗಳಲ್ಲಿ "ಕೇವಲ ರೂ. 55" ಎಂದಿದೆ. ಪ್ರತಿನಿಧಿಯ ವರದಿ: "ಐದು ರೂಪಾಯಿ ಕಡಿಮೆ." ಆದರೆ ತೂಕದ ಅಂಕಣ ತುಂಬಿದಾಗ ಅವರ ಪೊಟ್ಟಣ 180 ಗ್ರಾಂ ಎಂದು ತಿಳಿಯುತ್ತದೆ. ನಮ್ಮದು ಕಿಲೋಗೆ ರೂ. 300 ಆದರೆ ಅವರದು ಸುಮಾರು ರೂ. 305.50, ಅಂದರೆ ಅವರ ಮಾಲೇ ತುಸು ದುಬಾರಿ. ಪೊಟ್ಟಣದ ಮೇಲೆ ಪ್ರತಿ ಗ್ರಾಮಿನ ದರವನ್ನೂ ಮುದ್ರಿಸಬೇಕೆಂದು ಕಾನೂನು ಮಾಪನಶಾಸ್ತ್ರದ ಪೊಟ್ಟಣ ಸಾಮಗ್ರಿ ನಿಯಮಗಳು ವಿಧಿಸಿರುವುದರಿಂದ ಈ ಹೋಲಿಕೆ ಕಷ್ಟವಲ್ಲ. ಪೊಟ್ಟಣದ ಹಿಂಬದಿಯ ಚಿತ್ರವನ್ನೂ ತೆಗೆದುಕೊಂಡರಾಯಿತು.

ಗಾಬರಿಯಿಂದ ರೂ. 5 ಇಳಿಸಿದ್ದರೆ ಏನಾಗುತ್ತಿತ್ತು? ಪೊಟ್ಟಣಕ್ಕೆ ರೂ. 12 ಲಾಭವಿದ್ದು ತಿಂಗಳಿಗೆ 10,000 ಪೊಟ್ಟಣ ಮಾರಾಟವಾಗುತ್ತಿದ್ದರೆ ಲಾಭ ರೂ. 1,20,000. ಇಳಿಕೆಯ ಹೊರೆಯನ್ನು ಪೂರ್ತಿ ತಯಾರಕರೇ ಹೊತ್ತರೆ ಲಾಭ ಪೊಟ್ಟಣಕ್ಕೆ ರೂ. 7ಕ್ಕೆ ಇಳಿಯುತ್ತದೆ. ಮೊದಲಿನಷ್ಟೇ ಲಾಭ ಪಡೆಯಲು 17,143 ಪೊಟ್ಟಣ ಮಾರಬೇಕು. ಅಂದರೆ ಮಾರಾಟ ಶೇ. 71ರಷ್ಟು ಹೆಚ್ಚಬೇಕು.

ತೆರಿಗೆಯ ಬದಲಾವಣೆಯನ್ನೂ ಗಮನದಲ್ಲಿಡಬೇಕು. 2025ರ ಸೆಪ್ಟೆಂಬರ್ 22ರಿಂದ ಪೊಟ್ಟಣದಲ್ಲಿ ಮಾರುವ ಖಾರದ ಕುರುಕಲು ತಿನಿಸುಗಳ ಮೇಲಿನ ಜಿ.ಎಸ್.ಟಿ. ಶೇ. 12ರಿಂದ ಶೇ. 5ಕ್ಕೆ ಇಳಿಯಿತು. ಆಗ ತೆರಿಗೆ ಸೇರಿ ರೂ. 60 ಇದ್ದ ಪೊಟ್ಟಣ, ಮೂಲ ದರ ಬದಲಾಗದಿದ್ದರೂ, ರೂ. 56.25ಕ್ಕೆ ಬರುತ್ತದೆ. ಆ ದಿನಗಳ 'ಬೆಲೆ ಇಳಿಕೆ' ಜಾಹೀರಾತುಗಳಲ್ಲಿ ಕೆಲವು ಕೇವಲ ತೆರಿಗೆಯ ವರ್ಗಾವಣೆ. ಆ ದಿನಾಂಕದ ಹಿಂದಿನ ಮತ್ತು ಮುಂದಿನ ಬೆಲೆಗಳನ್ನು ಯಂತ್ರಕ್ಕೆ ಕೊಟ್ಟು ಹೋಲಿಸುವಾಗ ಈ ಸಂಗತಿಯನ್ನು ತಿಳಿಸದಿದ್ದರೆ ಅದು 'ದರ ಸಮರ' ಎಂದು ವರದಿ ಕೊಟ್ಟೀತು.

ಜಾಹೀರಾತು ಹೇಳದ ಸಂಗತಿಗಳು

ಪ್ರತಿಸ್ಪರ್ಧಿ ಏನು ಹೇಳುತ್ತಿದ್ದಾರೆ ಎಂಬುದು ಮಾತ್ರ ಜಾಹೀರಾತಿನಿಂದ ತಿಳಿಯುತ್ತದೆ. ಎಷ್ಟು ಮಾರುತ್ತಿದ್ದಾರೆ ಎಂಬುದು ತಿಳಿಯದು. ಹೆಚ್ಚು ಜಾಹೀರಾತು ಕೊಡುವವರ ಗೋದಾಮಿನಲ್ಲಿ ಮಾಲು ಉಳಿದಿರಲೂಬಹುದು. ಚಿಲ್ಲರೆ ಅಂಗಡಿಯವರಿಗೆ ಸಿಗುವ ಸ್ಕೀಮು, ಉದ್ದರಿಯ ಅವಧಿ, ಹಿಂದಿರುಗಿಸಿದ ಮಾಲಿನ ಹೊಂದಾಣಿಕೆ ಇವು ಯಾವ ಫಲಕದ ಮೇಲೂ ಇರುವುದಿಲ್ಲ. ಅದಕ್ಕೆ ಅಂಗಡಿಯವರೊಡನೆ ಮಾತುಕತೆಯೇ ದಾರಿ. ಯಂತ್ರ ಬಂದಿತೆಂದು ಪ್ರತಿನಿಧಿಯ ಓಡಾಟ ಕಡಿಮೆ ಮಾಡುವುದು ಜಾಣತನವಲ್ಲ.

ಕಾನೂನಿನ ಎಲ್ಲೆ

ಸಾರ್ವಜನಿಕವಾಗಿ ಪ್ರಕಟವಾದದ್ದನ್ನು ನೋಡಿ ಬರೆದಿಟ್ಟುಕೊಳ್ಳುವುದು ಸಾಮಾನ್ಯ ವ್ಯಾಪಾರ ಪದ್ಧತಿ. ಆದರೆ ಸುಳ್ಳು ಹೆಸರಿನಲ್ಲಿ ಪ್ರತಿಸ್ಪರ್ಧಿಯ ವಿತರಕರ ವಾಟ್ಸ್ಆ್ಯಪ್ ಗುಂಪಿಗೆ ಸೇರುವುದು, ಅನುಮತಿಯಿಲ್ಲದೆ ಅವರ ಗಣಕ ವ್ಯವಸ್ಥೆಯಿಂದ ಮಾಹಿತಿ ಇಳಿಸಿಕೊಳ್ಳುವುದು ಸಲ್ಲದು. ಎರಡನೆಯದಕ್ಕೆ ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ 43ನೇ ಕಲಮಿನಡಿ ಪರಿಹಾರ ತೆರಬೇಕಾದೀತು. ಚಿತ್ರಗಳಲ್ಲಿ ಗ್ರಾಹಕರ ಮುಖ, ಖಾಸಗಿ ದೂರವಾಣಿ ಸಂಖ್ಯೆ ಇದ್ದರೆ ಮರೆಮಾಡಿಯೇ ತಂತ್ರಾಂಶಕ್ಕೆ ಕೊಡುವುದು ಲೇಸು. ನಮ್ಮ ಉತ್ಪಾದನಾ ವೆಚ್ಚ, ವಿತರಕರ ದರಪಟ್ಟಿ ಮೊದಲಾದ ಗುಟ್ಟಿನ ಮಾಹಿತಿಯನ್ನು ಉಚಿತ ತಂತ್ರಾಂಶಗಳಿಗೆ ಹಾಕದಿರುವುದೂ ಅಷ್ಟೇ ಅವಶ್ಯಕ.

ಇನ್ನೊಂದು ಎಚ್ಚರಿಕೆ ವರ್ತಕರ ಸಂಘಗಳಿಗೆ ನೇರವಾಗಿ ಸಂಬಂಧಿಸಿದ್ದು. ಒಬ್ಬ ಉದ್ದಿಮೆದಾರರು ಸ್ವಂತ ನಿರ್ಣಯಕ್ಕಾಗಿ ಇತರರ ದರ ಗಮನಿಸುವುದು ನ್ಯಾಯಸಮ್ಮತ. ಅದೇ ಪಟ್ಟಿಯನ್ನು ಸಭೆಯಲ್ಲಿಟ್ಟು, "ಎಲ್ಲರೂ ಇದಕ್ಕಿಂತ ಕಡಿಮೆಗೆ ಮಾರುವುದು ಬೇಡ" ಎಂದು ಒಪ್ಪಂದಕ್ಕೆ ಬಂದರೆ ಅದು ಸ್ಪರ್ಧಾ ಅಧಿನಿಯಮ, 2002ರ 3ನೇ ಕಲಮಿನ ಉಲ್ಲಂಘನೆ. ಸಂಘಗಳಿಗೂ ಇದು ಅನ್ವಯಿಸುತ್ತದೆ. ಕಾರ್ಟೆಲ್ ಎಂದು ಸಾಬೀತಾದರೆ ಅದು ಮುಂದುವರಿದ ಪ್ರತಿ ವರ್ಷಕ್ಕೆ ಲಾಭದ ಮೂರು ಪಟ್ಟು ಅಥವಾ ವಹಿವಾಟಿನ ಶೇ. 10, ಇವುಗಳಲ್ಲಿ ಯಾವುದು ಹೆಚ್ಚೋ ಅಲ್ಲಿಯವರೆಗೆ ದಂಡ ವಿಧಿಸಲು ಭಾರತೀಯ ಸ್ಪರ್ಧಾ ಆಯೋಗಕ್ಕೆ ಅಧಿಕಾರವಿದೆ.

ತಿಂಗಳಿಗೊಂದು ನಿರ್ಣಯ

ಸಂಗ್ರಹಿಸಿದ ಮಾಹಿತಿ ಕಡತದಲ್ಲಿ ಉಳಿದರೆ ಪ್ರಯೋಜನವಿಲ್ಲ. ತಿಂಗಳಿಗೊಮ್ಮೆ ಅರ್ಧ ಗಂಟೆ ಕುಳಿತು ಪ್ರತಿ ಊರಿಗೆ ಒಂದೇ ಒಂದು ನಿರ್ಣಯ ಕೈಗೊಳ್ಳಬೇಕು. ಅದಕ್ಕೆ ಆಧಾರವಾದ ಮೂಲ ಚಿತ್ರಗಳನ್ನು ಎದುರಿಗಿಟ್ಟುಕೊಳ್ಳಬೇಕು. "ಬೆಳಗಾವಿಯಲ್ಲಿ ಫರಾಳದ ಜಾಹೀರಾತನ್ನು ಹತ್ತು ದಿನ ಮೊದಲೇ ಆರಂಭಿಸುವುದು", "ಹುಬ್ಬಳ್ಳಿಯಲ್ಲಿ ದರ ಬದಲಿಸದೆ, ಪ್ರತಿ ಗ್ರಾಮಿನ ದರವನ್ನು ಪೊಟ್ಟಣದ ಮುಂಬದಿಯಲ್ಲಿ ದೊಡ್ಡದಾಗಿ ಮುದ್ರಿಸುವುದು" ಇಂಥವು ಸಾಕು. ಏನನ್ನೂ ಬದಲಿಸುವುದು ಬೇಡ ಎಂಬುದೂ ಒಂದು ನಿರ್ಣಯವೇ. ಮರುತಿಂಗಳು ನಮ್ಮದೇ ಮಾರಾಟದ ಲೆಕ್ಕದೊಡನೆ ಅದರ ಫಲಿತಾಂಶವನ್ನು ತಾಳೆ ನೋಡಬೇಕು.

ಹೀಗೆ ಒಂದು ವರ್ಷ ನಡೆಸಿದರೆ, ಯಾವ ಹಬ್ಬಕ್ಕೆ ಎಷ್ಟು ದಿನ ಮೊದಲು ಯಾರು ಯಾವ ಊರಿನಲ್ಲಿ ಪ್ರಚಾರಕ್ಕೆ ಇಳಿಯುತ್ತಾರೆ ಎಂಬ ಪಂಚಾಂಗವೇ ನಮ್ಮ ಕೈಯಲ್ಲಿರುತ್ತದೆ. ಮುಂದಿನ ಹಂಗಾಮಿನಲ್ಲಿ "ಅವರು ದರ ಇಳಿಸಿದ್ದಾರೆ" ಎಂಬ ಮಾತು ಬಂದಾಗ ಯಾವ ಊರಿನಲ್ಲಿ, ಎಷ್ಟು ತೂಕಕ್ಕೆ, ಯಾವ ದಿನಾಂಕದಿಂದ ಎಂದು ಕೇಳಲು ಮಾಲೀಕರಿಗೆ ಆಧಾರವಿರುತ್ತದೆ. ಆಸಕ್ತ ಸದಸ್ಯರು ಮುಂಬರುವ ಹಬ್ಬಕ್ಕೆ ಎರಡು ತಿಂಗಳ ಮುಂಚೆ, ಒಂದೇ ಪದಾರ್ಥ ಹಾಗೂ ಎರಡೇ ಊರುಗಳಿಂದ ಈ ಕೆಲಸವನ್ನು ಆರಂಭಿಸಬಹುದು.